ನ್ಯಾಚುರಲ್ ಲಿಕ್ವಿಡ್ ಸೋಪ್ ಚೆನ್ನಾಗಿದೆ, ಆದ್ರೆ ನೀರು ಬೆರೆಸ್ದೆ ಹಚ್ಬೇಡಿ

ನಮ್ಮ ಏರಿಯಾದ ಸಾವಯವ ಅಂಗಡಿಲಿ ಸಿಗೋ ಲಿಕ್ವಿಡ್ ಸೋಪ್ ಬಗ್ಗೆ ಬರೀತಿದೀನಿ, ಸಣ್ಣ ಪ್ರಮಾಣದಲ್ಲಿ ಮಾಡಿ ಮಾರೋರದ್ದು. ಬಾಟಲ್ ಹಿಂದೆ ಬರೆದಿರೋದು ಇಷ್ಟೇ: ತೆಂಗಿನೆಣ್ಣೆ, ಆಲಿವ್ ಎಣ್ಣೆ, ಹರಳೆಣ್ಣೆ, ನೀರು, ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಕೊನೇದನ್ನ ನೋಡಿ ಕೆಮಿಕಲ್ ಅಂತ ಹೆದರ್ಬೇಡಿ, ಕ್ಷಾರ ಇಲ್ದೆ ಯಾವ ಸೋಪೂ ಆಗಲ್ಲ, ಗಟ್ಟಿ ಸೋಪಿಗೆ ಸೋಡಿಯಂದು ಹಾಕ್ತಾರೆ, ಲಿಕ್ವಿಡ್‌ಗೆ ಪೊಟ್ಯಾಸಿಯಂದು, ಸರಿಯಾಗಿ ಮಾಡಿದ್ರೆ ಅದು ಎಣ್ಣೆ ಜೊತೆ ಸೇರಿ ಸೋಪಾಗಿ ಹೋಗುತ್ತೆ, ಗ್ಲಿಸರಿನ್ ಒಳಗೇ ಉಳಿಯುತ್ತೆ.

ವಾಸನೆ ಹಿತವಾಗಿದೆ, ಜಿಡ್ಡು ಚೆನ್ನಾಗಿ ಬಿಡುತ್ತೆ. ಆದ್ರೆ ಸುಮಾರು ಜನ ಇಂಥ ಸೋಪ್ ತಗೊಂಡು ಮೈ ಬಿಗಿಯಾಗುತ್ತೆ, ಕಾಲಲ್ಲಿ ಬಿಳಿ ಗೀರು ಬೀಳುತ್ತೆ ಅಂತ ಬಿಟ್ಟುಬಿಡ್ತಾರೆ. ನ್ಯಾಚುರಲ್ ಅಂದ್ರೆ ಮೃದು ಅಂತ ಅಲ್ವೇ ಅಲ್ಲ. ನಮ್ಮ ಚರ್ಮದ ಪಿಎಚ್ (ಹುಳಿನಾ ಕ್ಷಾರನಾ ಅಂತ ಹೇಳೋ ಅಳತೆ, 7 ಅಂದ್ರೆ ಎರಡೂ ಅಲ್ಲ) ಸುಮಾರು 5, ಸ್ವಲ್ಪ ಹುಳಿ ಕಡೆ, ನಿಜವಾದ ಸೋಪಿನದ್ದು 9ರಿಂದ 10, ಅಂದ್ರೆ ಕ್ಷಾರದ ಕಡೆ. ಮೈಮೇಲಿರೋ ಎಣ್ಣೆಯಂಶನೂ ಅದು ತೊಳ್ಕೊಂಡು ಹೋಗುತ್ತೆ. ಅದ್ರಲ್ಲೂ ತೆಂಗಿನೆಣ್ಣೆ ಜಾಸ್ತಿ ಇದ್ರೆ ನೊರೆ ಜೋರು, ಒಣಗ್ಸೋದೂ ಜೋರು, ಹಾಗಾಗಿ ಲೇಬಲ್‌ನಲ್ಲಿ ಆಲಿವ್ ಎಣ್ಣೆ ಮೊದ್ಲು ಇರೋದನ್ನ ಹುಡುಕಿ.

ಆ ಗಟ್ಟಿ ಲಿಕ್ವಿಡ್‌ನ ಹಾಗೇ ಕೈಗೆ ಸುರ್ಕೊಳ್ಳೋದು ಬೇಡವೇ ಬೇಡ. ನಾನು ನೊರೆ ಪಂಪ್ ಬಾಟಲ್‌ಗೆ ಒಂದು ಭಾಗ ಸೋಪು, ಮೂರು ಭಾಗ ಫಿಲ್ಟರ್ ನೀರು ಹಾಕಿಡ್ತೀನಿ, ಮೊದ್ಲು ನೀರು ಆಮೇಲೆ ಸೋಪು ಹಾಕಿ, ಇಲ್ಲಾಂದ್ರೆ ತುಂಬೋವಾಗ್ಲೇ ನೊರೆ ಉಕ್ಕುತ್ತೆ. ನೀರು ಬೆರೆಸಿದ್ದು ಬಹಳ ದಿನ ಇಟ್ರೆ ಕೆಡುತ್ತೆ, ಸ್ವಲ್ಪ ಸ್ವಲ್ಪವೇ ಮಾಡ್ಕೊಳ್ಳಿ. ಪಿಎಚ್ ಇಳಿಸ್ತೀನಿ ಅಂತ ಬಾಟಲ್‌ಗೆ ನಿಂಬೆರಸನೋ ವಿನೆಗರನೋ ಹಾಕೋರಿದಾರೆ, ದಯವಿಟ್ಟು ಹಾಕ್ಬೇಡಿ, ಸೋಪು ಒಡೆದ ಹಾಲಿನ ಥರ ಆಗಿ ಎಣ್ಣೆ ಮೇಲೆ ತೇಲುತ್ತೆ.

ಇನ್ನು ನೀರಿನ ವಿಷ್ಯ, ಇದನ್ನ ಯಾರೂ ಗಮನಿಸಲ್ಲ. ಬೆಂಗಳೂರಲ್ಲಿ ಬೋರ್‌ವೆಲ್ ನೀರು ಬರೋ ಅಪಾರ್ಟ್‌ಮೆಂಟ್‌ಗಳಲ್ಲಿ ಬಕೆಟ್ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಗಡಸು ನೀರಿನ ಕ್ಯಾಲ್ಸಿಯಂ ಮೆಗ್ನೀಸಿಯಂ ಸೋಪಿನ ಜೊತೆ ಸೇರಿದಾಗ ಆಗೋ ಜಿಗುಟೂ ಅದ್ರಲ್ಲಿ ಇರುತ್ತೆ, ಅದೇ ಮೈಮೇಲೂ ಕೂರುತ್ತೆ, ಕೆರೆತ ಶುರುವಾಗುತ್ತೆ. ಕಾವೇರಿ ನೀರು ಬರೋ ಮನೇಲಿ ಇದೇ ಸೋಪು ಎಷ್ಟೋ ವಾಸಿ. ಬೋರ್ ನೀರೇ ಗತಿ ಅನ್ನೋರು ಸೋಪು ಕಮ್ಮಿ ಹಾಕಿ, ಕೊನೇಲಿ ಎರಡು ಚೊಂಬು ಆರ್‌ಓ ಫಿಲ್ಟರ್ ನೀರು ಸುರ್ಕೊಳ್ಳಿ.

ದಿನಾ ಮೈಪೂರ್ತಿ ಸೋಪು ಬೇಕಿಲ್ಲ, ಕಂಕುಳು, ತೊಡೆ ಸಂದು, ಪಾದಕ್ಕೆ ಸಾಕು, ಕೈಕಾಲಿಗೆ ಬರೀ ನೀರು ನಡೆಯುತ್ತೆ. ಸುಡೋ ಗೀಸರ್ ನೀರಲ್ಲಿ ಹೊತ್ತುಗಟ್ಲೆ ನಿಂತ್ರೆ ಯಾವ ಸೋಪಾದ್ರೂ ಚರ್ಮ ಒಣಗುತ್ತೆ. ಟವೆಲ್‌ನಲ್ಲಿ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರೋವಾಗ್ಲೇ ಕೊಬ್ಬರಿ ಎಣ್ಣೆನೋ ಗ್ಲಿಸರಿನ್ ಇರೋ ಲೋಷನ್ನೋ ಹಚ್ಚಿ, ಎಣ್ಣೆ ತಾನಾಗೇ ತೇವ ಕೊಡಲ್ಲ, ಇರೋ ತೇವನ ಹೋಗದ ಹಾಗೆ ಹಿಡಿದಿಡುತ್ತೆ ಅಷ್ಟೇ, ಅದಕ್ಕೇ ಒಣಗಿದ ಮೇಲೆ ಹಚ್ಚಿದ್ರೆ ಅಷ್ಟು ಗುಣ ಇಲ್ಲ. ಧಾರವಾಡದಲ್ಲಿರೋ ನಮ್ಮಕ್ಕ ಡಿಸೆಂಬರ್ ಜನವರಿಲಿ ಸ್ನಾನಕ್ಕೆ ಮುಂಚೆನೂ ಎಣ್ಣೆ ಹಚ್ಕೋತಾಳೆ, ಅಲ್ಲಿನ ಒಣ ಚಳಿಗೆ ಅದು ಬೇಕೇ ಬೇಕು.

ಮುಖಕ್ಕೆ, ತಲೆಕೂದ್ಲಿಗೆ ನಾನು ಇದನ್ನ ಹೇಳಲ್ಲ, ಕಣ್ಣಿಗೆ ಹೋದ್ರೆ ಸಿಕ್ಕಾಪಟ್ಟೆ ಉರಿ. ಎಕ್ಸಿಮಾ (ಚರ್ಮ ಒಣಗಿ ಕೆರೆಯೋ ತೊಂದರೆ) ಇರೋರು, ಅಂಥ ಮಕ್ಕಳಿರೋ ಮನೆಯೋರು ಸೋಪಲ್ಲದ ಕ್ಲೆನ್ಸರ್‌ನ ಚರ್ಮದ ಡಾಕ್ಟರ್ ಕೇಳಿ ತಗೊಳ್ಳಿ. ಮಿಕ್ಕೋರು ಧೈರ್ಯವಾಗಿ ತಗೋಬಹುದು, ನನ್ನ ಕಡೆಯಿಂದ 5ಕ್ಕೆ 4. ಒಂದು ಸ್ಟಾರ್ ಕಡಿಮೆ ಮಾಡಿದ್ದು ಯಾಕಂದ್ರೆ ಎಷ್ಟು ನೀರು ಬೆರೆಸ್ಬೇಕು ಅಂತ ಬಾಟಲ್ ಮೇಲೆ ಒಂದು ಸಾಲೂ ಇಲ್ಲ, ಅದನ್ನ ದೊಡ್ಡಕ್ಷರದಲ್ಲಿ ಕನ್ನಡದಲ್ಲೇ ಪ್ರಿಂಟ್ ಮಾಡಿ ಅಂತ ಅಂಗಡಿಯೋರಿಗೆ ಹೇಳಿ ಬಂದಿದೀನಿ.