‘4ಕೆ ಸಪೋರ್ಟ್’ ಎಂಬ ಚೀಟಿ ನಂಬಿ ಟಿವಿ ಕೊಳ್ಳಬೇಡಿ

ನಲವತ್ತು ಇಂಚಿನ ಟಿವಿ ಹನ್ನೆರಡು ಹದಿಮೂರು ಸಾವಿರಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿದ್ದರೆ, ಹಣ ಕೊಡುವ ಮುನ್ನ ಇದನ್ನು ಓದಿ. ನನಗೆ ಆದ ನಷ್ಟ ಹನ್ನೆರಡೂವರೆ ಸಾವಿರ ರೂಪಾಯಿ ಮಾತ್ರವಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಆ ಟಿವಿಯ ದೆಸೆಯಿಂದ ನಮ್ಮ ಅಪ್ಪ ತಿಂಗಳುಗಟ್ಟಲೆ ತಮ್ಮ ಕಣ್ಣೇ ಕೆಟ್ಟಿತೆಂದು ನಂಬಿ ಕುಳಿತರು. ಅದು ನನ್ನನ್ನು ಈಗಲೂ ಸುಡುತ್ತದೆ.

ಅಪ್ಪ ಗುಳೇದಗುಡ್ಡದವರು, ಖಣ ನೇಯ್ದೇ ನಮ್ಮನ್ನು ಸಾಕಿದವರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಒಂದು ಎಳೆ ಹರಿದರೂ ಅವರ ಕಣ್ಣಿಗೆ ಬೀಳುತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಅವರ ಬಲಗಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ಮರುದಿನ ಪಡಸಾಲೆಯ ಹೊರಸಿನ ಮೇಲೆ ಕುಳಿತುಕೊಂಡೇ ಎದುರು ಗೋಡೆಯ ಕ್ಯಾಲೆಂಡರಿನ ತಾರೀಖು ಓದಿ ಹೇಳಿದರು. ಅವ್ವ ಅಂದು ಹೋಳಿಗೆ ಮಾಡಿದಳು. ಆ ಸಂತೋಷದಲ್ಲೇ ನಾನು ದೀಪಾವಳಿಗೆ ಅವರಿಗೊಂದು ದೊಡ್ಡ ಟಿವಿ ಕೊಡಿಸಬೇಕೆಂದು ನಿರ್ಧರಿಸಿದೆ. ಮನೆಯಲ್ಲಿದ್ದದ್ದು ಹಳೆಯ ಡಬ್ಬಾ ಟಿವಿ.

ಬಾಗಲಕೋಟೆಯ ಅಂಗಡಿಯೊಂದರಲ್ಲಿ ಕೊಂಡೆ. ಹೆಸರು ಬರೆಯುವುದಿಲ್ಲ, ತಕರಾರು ಇನ್ನೂ ನಡೆದಿದೆ. ಸಾಲಾಗಿ ತೂಗುಹಾಕಿದ ಟಿವಿಗಳಲ್ಲಿ ಒಂದೇ ವಿಡಿಯೊ ಓಡುತ್ತಿತ್ತು: ಕೆಂಪು ಹೂವು, ಹಸಿರು ಗಿಣಿ, ನಿಧಾನವಾಗಿ ಚಿಮ್ಮುವ ನೀರು. ನಾವು ನಿಂತದ್ದು ಹತ್ತು ಅಡಿ ದೂರದಲ್ಲಿ. ಎಲ್ಲವೂ ಥಳಥಳ ಹೊಳೆಯುತ್ತಿತ್ತು. ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ ‘4ಕೆ’ (ಚುಕ್ಕೆಗಳು ಬಹಳ ಒತ್ತಾಗಿರುವ ಸ್ಪಷ್ಟ ಚಿತ್ರ), ಅದರ ಕೆಳಗೆ ಉಗುರಿನಷ್ಟು ಸಣ್ಣದಾಗಿ ‘ಸಪೋರ್ಟ್’. ಬ್ರ್ಯಾಂಡಿನ ಹೆಸರು ಒಂದು ದೊಡ್ಡ ಕಂಪನಿಯ ಹೆಸರಿನಿಂದ ಒಂದೇ ಅಕ್ಷರದಷ್ಟು ಬೇರೆ. “ಅಕ್ಕಾ, ಪ್ಯಾನೆಲ್ ಎ ಪ್ಲಸ್ ಗ್ರೇಡ್, ಅದೇ ಕಾರ್ಖಾನೆಯ ಮಾಲು, ನೀವು ಹೆಸರಿಗೆ ಯಾಕೆ ಹೆಚ್ಚು ದುಡ್ಡು ಕೊಡುತ್ತೀರಿ?” ಎಂದು ಅಂಗಡಿಯವರು ಕೇಳಿದಾಗ ನನಗೆ ಅದು ನ್ಯಾಯವೆಂದೇ ತೋರಿತು.

ನಂತರ ಬಿಲ್ಲಿನ ಮಾತು ಬಂತು. ಆಗ 32 ಇಂಚಿಗಿಂತ ದೊಡ್ಡ ಟಿವಿಗೆ ಜಿಎಸ್‌ಟಿ ಶೇ 28 ಇತ್ತು. ಪಕ್ಕಾ ಬಿಲ್ ಬೇಕಾದರೆ ಹದಿನಾರು ಸಾವಿರ, ತೆರಿಗೆಯಿಲ್ಲದ ಬರೀ ಚೀಟಿ ಸಾಕೆಂದರೆ ಹನ್ನೆರಡೂವರೆ ಸಾವಿರ. ನಾನು ಚೀಟಿ ತೆಗೆದುಕೊಂಡೆ. ಅದು ನನ್ನ ತಪ್ಪು, ಮುಂದಿನ ಎಲ್ಲ ತೊಂದರೆಯೂ ಅಲ್ಲಿಂದ ಬೆಳೆಯಿತು. ಒಂದೇ ಒಳ್ಳೆಯ ಕೆಲಸವೆಂದರೆ ಹಣವನ್ನು ನಗದಾಗಿ ಕೊಡದೆ ಮೊಬೈಲಿನಿಂದ ಕಳಿಸಿದ್ದೆ.

ಮನೆಗೆ ಬಂದ ಮೊದಲ ವಾರದಲ್ಲೇ ಅಪ್ಪ ಸುದ್ದಿ ವಾಹಿನಿಯ ಕೆಳಗೆ ಓಡುವ ಸಾಲನ್ನು ಓದುವುದು ಬಿಟ್ಟರು. ನಾನು ಗಮನಿಸಲಿಲ್ಲ. ಅವ್ವ ಹೇಳಿದ ಮೇಲೆ ಕೇಳಿದರೆ, “ಅಕ್ಷರ ಕಲಸಿಕೊಳ್ಳುತ್ತವೆ ತಾಯಿ” ಎಂದರು. ‘ಷ’ದ ಹೊಟ್ಟೆಯೊಳಗಿನ ಗೆರೆ ಕಾಣದೆ ಅದು ‘ಪ’ ಆಗುತ್ತಿತ್ತು. ‘ರಾಷ್ಟ್ರ’ ಎಂಬ ಪದದ ಕೆಳಗಿನ ಒತ್ತುಗಳು ಒಂದೇ ಮುದ್ದೆ. ಇಂಗ್ಲಿಷಿನ ದಪ್ಪ ಅಕ್ಷರ ಹೇಗೋ ನಿಲ್ಲುತ್ತದೆ, ಕನ್ನಡದ ಒತ್ತಕ್ಷರ ನಿಲ್ಲುವುದಿಲ್ಲ. ಕ್ರಿಕೆಟ್ ನೋಡಿ ಟಿವಿಯ ಗುಣ ಅಳೆಯುವವರಿಗೆ ಇದು ತಿಳಿಯುವುದೇ ಇಲ್ಲ.

ಅಪ್ಪನಿಗೆ ಮಾತ್ರ ಟಿವಿಯ ಮೇಲೆ ಅನುಮಾನ ಬರಲಿಲ್ಲ. ಹೊಸದು, ಮಗಳು ಕೊಡಿಸಿದ್ದು, ದೊಡ್ಡದು. ಕೆಟ್ಟಿರುವುದು ಕಣ್ಣೇ ಎಂದುಕೊಂಡರು. ಎರಡು ಸಲ ಗುಳೇದಗುಡ್ಡದಿಂದ ಬಸ್ಸಿನಲ್ಲಿ ಬಾಗಲಕೋಟೆಗೆ ಕರೆತಂದು ಕಣ್ಣಿನ ಆಸ್ಪತ್ರೆಗೆ ತೋರಿಸಿದೆವು. ಎರಡು ಸಲವೂ ಅವರು ಫಲಕದ ಸಣ್ಣ ಸಾಲಿನವರೆಗೆ ಓದಿದರು. ವೈದ್ಯರು ಕಣ್ಣು ಚೆನ್ನಾಗಿದೆ ಎಂದರು. ಅಪ್ಪ ಒಪ್ಪಲಿಲ್ಲ. ತಮ್ಮ ತಪ್ಪು ಮುಚ್ಚಿಕೊಳ್ಳಲು ಹಾಗೆ ಹೇಳುತ್ತಾರೆ ಎಂದುಕೊಂಡರು. ನನಗೂ ಒಳಗೊಳಗೆ ಹಾಗೆಯೇ ಅನಿಸಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಎಡಗಣ್ಣಿನ ಶಸ್ತ್ರಚಿಕಿತ್ಸೆಗೆ ಜನವರಿಯಲ್ಲಿ ದಿನ ಗೊತ್ತಾಗಿತ್ತು. “ಇದ್ದ ಒಂದನ್ನೂ ಕೆಡಿಸಿಕೊಳ್ಳಲಾರೆ” ಎಂದು ಅಪ್ಪ ಹೋಗಲೇ ಇಲ್ಲ.

ನಾನು ಅನುಮಾನಿಸಿದ್ದು ಮೊದಲು ತಂತಿಯನ್ನು. ಸೆಟ್ ಟಾಪ್ ಬಾಕ್ಸಿನಿಂದ ಬರುವ ಕೆಂಪು, ಬಿಳಿ, ಹಳದಿ ಮೂತಿಯ ತಂತಿ ಹಳೆಯ ಗುಣಮಟ್ಟದ ಚಿತ್ರವನ್ನಷ್ಟೇ ಸಾಗಿಸುತ್ತದೆ, ಎಚ್‌ಡಿ ಚಿತ್ರ ಅದರಲ್ಲಿ ಬರುವುದಿಲ್ಲ. ಇದು ಎಷ್ಟೋ ಮನೆಗಳಲ್ಲಿ ನಡೆದಿರುವ ಸಂಗತಿ, ಒಳ್ಳೆಯ ಟಿವಿಗೂ ಇದೇ ತಂತಿ ಸಿಕ್ಕಿಸಿ ಚಿತ್ರ ಮಬ್ಬು ಎನ್ನುವವರಿದ್ದಾರೆ. ಎಚ್‌ಡಿ ಚಿತ್ರ ಸಾಗಿಸುವ ಎಚ್‌ಡಿಎಂಐ ತಂತಿ ತಂದೆ, ಬಾಕ್ಸನ್ನೂ ಎಚ್‌ಡಿಗೆ ಬದಲಿಸಿದೆ. ಸ್ವಲ್ಪ ಸುಧಾರಿಸಿತು, ಅಕ್ಷರ ಮಾತ್ರ ಬಿಡಿಸಿಕೊಳ್ಳಲಿಲ್ಲ. ತಮ್ಮನ ಮಗ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದ. ಅದು ಈ ಟಿವಿಯನ್ನು 3840×2160, ಅಂದರೆ 4ಕೆ ಎಂದೇ ತೋರಿಸಿತು. ನಾನು ಮತ್ತೆ ಟಿವಿಯನ್ನೇ ನಂಬಿದೆ.

2025ರ ಜೂನ್‌ನಲ್ಲಿ ಒಂದು ಸಂಜೆ ಪರದೆ ಕಪ್ಪಾಯಿತು. ದನಿ ಮಾತ್ರ ಬರುತ್ತಿತ್ತು. ವಾರಂಟಿ ಕಾರ್ಡಿನಲ್ಲಿದ್ದ ಸೇವಾಕೇಂದ್ರದ ಫೋನ್ ಚಾಲ್ತಿಯಲ್ಲಿರಲಿಲ್ಲ. ಅದೇ ಕಾರ್ಡಿನ ಹಿಂಬದಿಯಲ್ಲಿ ಪ್ಯಾನೆಲ್‌ಗೆ, ಅಂದರೆ ಚಿತ್ರ ಮೂಡಿಸುವ ಪರದೆಗೆ, ವಾರಂಟಿ ಅನ್ವಯಿಸದು ಎಂದಿತ್ತು. ಟಿವಿಯಲ್ಲಿ ಪ್ಯಾನೆಲ್ಲೇ ಎಲ್ಲಕ್ಕಿಂತ ದುಬಾರಿ ಭಾಗ, ಅದನ್ನು ಬಿಟ್ಟ ವಾರಂಟಿ ಯಾವುದಕ್ಕೆ? ಅಂಗಡಿಯವರು ಕಂಪನಿಯ ಹುಡುಗ ಬರುತ್ತಾನೆ ಎಂದರು. ಒಂದು ತಿಂಗಳು ಕಾದೆವು, ಯಾರೂ ಬರಲಿಲ್ಲ.

ಕೊನೆಗೆ ಗುಳೇದಗುಡ್ಡದ ಒಬ್ಬ ಮೆಕ್ಯಾನಿಕ್ ಮನೆಗೆ ಬಂದರು. ಟಿವಿ ಹಚ್ಚಿ, ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರು. ಆ ಬೆಳಕಿನ ವೃತ್ತದೊಳಗೆ ಸುದ್ದಿ ಓದುವವರ ಮುಖ ನೆರಳಿನಂತೆ ಕಾಣಿಸಿತು. ಚಿತ್ರ ಬರುತ್ತಿದೆ, ಹಿಂದಿನ ದೀಪ ಸತ್ತಿದೆ ಎಂದರು. ಈ ಬಗೆಯ ಪರದೆ ತಾನಾಗಿ ಬೆಳಗುವುದಿಲ್ಲ, ಅದರ ಹಿಂದೆ ಎಲ್‌ಇಡಿ ದೀಪಗಳ ಪಟ್ಟಿಗಳಿರುತ್ತವೆ. ದೀಪಗಳು ಒಂದರ ಹಿಂದೆ ಒಂದು ಜೋಡಣೆಯಾಗಿರುವುದರಿಂದ ಒಂದು ಸುಟ್ಟರೂ ಸಾಲು ಆರುತ್ತದೆ. ಅಂಗಡಿಯಲ್ಲಿ ಕಣ್ಣು ಕೋರೈಸಲೆಂದು ಇಂಥ ಟಿವಿಗಳಲ್ಲಿ ದೀಪಗಳಿಗೆ ಮಿತಿಮೀರಿದ ವಿದ್ಯುತ್ ಹರಿಸಿರುತ್ತಾರೆ. ತೆಳು ಪಟ್ಟಿ, ಕಾವು ಹೊರಹೋಗಲು ದಾರಿಯಿಲ್ಲದ ಪ್ಲಾಸ್ಟಿಕ್ ಬೆನ್ನು, ಮೇಲೆ ನಮ್ಮ ಬಾಗಲಕೋಟೆಯ ಬೇಸಿಗೆ. ನಿಮ್ಮ ಮನೆಯಲ್ಲಿ ಈಗಾಗಲೇ ಇಂಥದ್ದಿದ್ದರೆ ಮೆನುವಿಗೆ ಹೋಗಿ ‘ಬ್ಯಾಕ್‌ಲೈಟ್’ ನೂರರಿಂದ ಐವತ್ತು ಅರವತ್ತಕ್ಕೆ ಇಳಿಸಿ, ಇಂದೇ ಇಳಿಸಿ.

ಬೆನ್ನು ಬಿಚ್ಚುವ ಮೊದಲು ನಾನು ವಿಡಿಯೊ ಹಚ್ಚಿಟ್ಟಿದ್ದೆ. ಒಳಗೆ ಪ್ಯಾನೆಲ್ಲಿನ ಮೇಲೆ ಅದನ್ನು ತಯಾರಿಸಿದವರ ಚೀಟಿಯಿತ್ತು. ಮೆಕ್ಯಾನಿಕ್ ಅದರ ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿ ತೋರಿಸಿದರು: 1366×768.

ಈ ಸಂಖ್ಯೆಯ ಅರ್ಥ ಇಷ್ಟು. ಪರದೆಯ ಅಡ್ಡಕ್ಕೆ 1366 ಚುಕ್ಕೆ, ಉದ್ದಕ್ಕೆ 768. ಒಟ್ಟು ಸುಮಾರು ಹತ್ತೂವರೆ ಲಕ್ಷ. ಇದನ್ನು ‘ಎಚ್‌ಡಿ ರೆಡಿ’ ಎನ್ನುತ್ತಾರೆ. ಫುಲ್ ಎಚ್‌ಡಿ ಎಂದರೆ 1920×1080, ಇಪ್ಪತ್ತು ಲಕ್ಷ ದಾಟುತ್ತದೆ. 4ಕೆ ಎಂದರೆ 3840×2160, ಎಂಬತ್ಮೂರು ಲಕ್ಷದ ಸಮೀಪ. ಡಬ್ಬಿಯ ಮೇಲೆ ಹೇಳಿದ್ದರ ಎಂಟರಲ್ಲಿ ಒಂದು ಪಾಲು ನಮ್ಮ ಗೋಡೆಯ ಮೇಲಿತ್ತು. ‘ಸಪೋರ್ಟ್’ ಎಂದರೆ 4ಕೆ ಚಿತ್ರವನ್ನು ಒಳಗೆ ತೆಗೆದುಕೊಳ್ಳುತ್ತೇನೆ ಎಂದಷ್ಟೇ. ತೆಗೆದುಕೊಂಡದ್ದನ್ನು ಕುಗ್ಗಿಸಿ ಇದ್ದಷ್ಟೇ ಚುಕ್ಕೆಗಳಲ್ಲಿ ತೋರಿಸುತ್ತದೆ. ಲ್ಯಾಪ್‌ಟಾಪ್ ಮೋಸಹೋದದ್ದೂ ಇದರಿಂದಲೇ. ಟಿವಿಯ ಬೋರ್ಡು ಏನು ಹೇಳುತ್ತದೆಯೋ ಅದನ್ನೇ ಅದು ನಂಬುತ್ತದೆ.

ಅಪ್ಪ ಪಕ್ಕದಲ್ಲೇ ನಿಂತು ಕೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಅಂದರೆ ಎಳೆ ಅಷ್ಟೇ ಇಟ್ಟು ಪನ್ನ ಹಿಗ್ಗಿಸಿದ್ದಾರೆ, ಜಾಳು ಬಟ್ಟೆ ಇದು” ಎಂದರು. ಪನ್ನವೆಂದರೆ ಬಟ್ಟೆಯ ಅಗಲ, ಜಾಳು ಎಂದರೆ ಎಳೆ ವಿರಳವಾದದ್ದು. ನಾನು ಇದುವರೆಗೆ ಓದಿದ ಯಾವ ವಿವರಣೆಯೂ ಇಷ್ಟು ಸ್ಪಷ್ಟವಾಗಿರಲಿಲ್ಲ. ಆಮೇಲೆ ಮೆಕ್ಯಾನಿಕ್‌ನ ಕಡೆ ತಿರುಗಿ, “ಹಾಗಾದರೆ ನನ್ನ ಕಣ್ಣು ಸರಿ ಇದೆಯೇನು?” ಎಂದು ಕೇಳಿದರು. ವೈದ್ಯರು ಎರಡು ಸಲ ಹೇಳಿದ್ದನ್ನು ಅವರು ಅಂದು ನಂಬಿದರು. ಆಷಾಢ ಕಳೆದ ಮೇಲೆ ಎಡಗಣ್ಣಿನ ಶಸ್ತ್ರಚಿಕಿತ್ಸೆಯೂ ಆಯಿತು.

ಹಾಗೆಂದು ಎಚ್‌ಡಿ ರೆಡಿ ಟಿವಿಯನ್ನು ಕೊಳ್ಳಲೇಬಾರದು ಎಂದು ನಾನು ಹೇಳುವುದಿಲ್ಲ. ಪನ್ನಕ್ಕೆ ತಕ್ಕಷ್ಟು ಎಳೆ ಇರಬೇಕು, ಅಷ್ಟೇ. ನಲವತ್ತು ಇಂಚಿನ ಪರದೆ ಸುಮಾರು 89 ಸೆಂಟಿಮೀಟರ್ ಅಗಲ. ಅದರಲ್ಲಿ 1366 ಚುಕ್ಕೆ ಹರಡಿದರೆ ಒಂದೊಂದು ಚುಕ್ಕೆಯೂ ಸುಮಾರು 0.65 ಮಿಲಿಮೀಟರ್. ಆರೋಗ್ಯವಂತ ಕಣ್ಣಿಗೆ ಅವು ಬೇರೆಬೇರೆಯಾಗಿ ಕಾಣದಿರಬೇಕಾದರೆ ಏಳು ಅಡಿಗಿಂತ ಹೆಚ್ಚು ದೂರ ಕುಳಿತಿರಬೇಕು. ಅಪ್ಪನ ಹೊರಸಿನಿಂದ ಗೋಡೆಗೆ ಇದ್ದದ್ದು ಐದು ಅಡಿ. ಮೂವತ್ತೆರಡು ಇಂಚಿನಲ್ಲಿ ಅದೇ 1366 ಚುಕ್ಕೆ ಒತ್ತೊತ್ತಾಗಿ ಕೂರುತ್ತದೆ, ಆರು ಅಡಿಯಿಂದ ಅಕ್ಷರ ಸ್ವಚ್ಛವಾಗಿ ಕಾಣುತ್ತದೆ. ಆದ್ದರಿಂದ ಕಡಿಮೆ ಹಣವಿದ್ದರೆ ಮೂವತ್ತೆರಡು ಇಂಚಿನ ಎಚ್‌ಡಿ ರೆಡಿ ಧೈರ್ಯವಾಗಿ ಕೊಳ್ಳಿ. ನಲವತ್ತು ದಾಟಿದರೆ ಫುಲ್ ಎಚ್‌ಡಿಗಿಂತ ಕಡಿಮೆಯದನ್ನು ಮುಟ್ಟಬೇಡಿ. ಹಣ ಸಾಲದಿದ್ದರೆ ಪರದೆ ಚಿಕ್ಕದು ಮಾಡಿ.

‘ಸ್ಮಾರ್ಟ್’ ಎಂಬ ಮಾತಿನ ಬಗ್ಗೆಯೂ ಎಚ್ಚರ. ನಮ್ಮ ಟಿವಿಯಲ್ಲಿ ಪ್ಲೇ ಸ್ಟೋರ್ ಇರಲಿಲ್ಲ, ಯಾವುದೋ ಬೇರೆ ಆ್ಯಪ್ ಅಂಗಡಿಯಿತ್ತು. ಗೂಗಲ್ ಪ್ರಮಾಣೀಕರಣವಿಲ್ಲದ ಇಂಥ ಆಂಡ್ರಾಯ್ಡ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್‌ನಂಥ ಹಣ ಕಟ್ಟುವ ಸೇವೆಗಳು ನಡೆಯುವುದಿಲ್ಲ, ನಡೆದರೂ ನಕಲು ತಡೆಯುವ ರಕ್ಷಣೆ ಕೆಳದರ್ಜೆಯದಾದ್ದರಿಂದ 480 ಗೆರೆಗಳ ಚಿತ್ರವಷ್ಟೇ ಬರುತ್ತದೆ. ಅಪಾಯವೂ ಇದೆ. 2025ರ ಜೂನ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ‘ಬ್ಯಾಡ್‌ಬಾಕ್ಸ್ 2.0’ ಎಂಬ ಕುತಂತ್ರಾಂಶದ ಬಗ್ಗೆ ಎಚ್ಚರಿಸಿತು. ಅಗ್ಗದ ಆಂಡ್ರಾಯ್ಡ್ ಉಪಕರಣಗಳಲ್ಲಿ ಅದು ಮಾರಾಟಕ್ಕೆ ಮೊದಲೇ ಸೇರಿಕೊಂಡಿರಬಹುದು. ನಾನು ಅದನ್ನು ತಿಳಿದ ದಿನವೇ ಅಪ್ಪನ ಖಾತೆಯನ್ನು ಆ ಟಿವಿಯಿಂದ ತೆಗೆದೆ.

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಕೂರುವ ಜಾಗದಿಂದ ಗೋಡೆಗೆ ಎಷ್ಟು ಅಡಿ ಎಂದು ಅಳೆದುಕೊಳ್ಳಿ. ಅಲ್ಲಿ ಅಷ್ಟೇ ದೂರ ನಿಲ್ಲಿ. ಹೂವು ಗಿಣಿ ಬೇಡ, ಕನ್ನಡ ಸುದ್ದಿ ವಾಹಿನಿ ಹಾಕಿಸಿ, ಕೆಳಗಿನ ಸಾಲು ಓದಿ. ವಯಸ್ಸಾದವರಿಗಾಗಿ ಕೊಳ್ಳುತ್ತಿದ್ದರೆ ಅವರನ್ನೇ ಕರೆದುಕೊಂಡು ಹೋಗಿ ಓದಿಸಿ. ನಾನು ಇದೊಂದನ್ನು ಮಾಡಿದ್ದರೆ ಸಾಕಿತ್ತು. ಬಳಿಕ, ಕೊಳ್ಳುವುದು ಫುಲ್ ಎಚ್‌ಡಿ ಆದರೆ, ‘ಪ್ಯಾನೆಲ್ 1920×1080’ ಎಂದು ಬಿಲ್ಲಿನಲ್ಲಿ ಬರೆದುಕೊಡಲು ಕೇಳಿ, ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆಯೂ ಇರಲಿ. ಬಾಯಿಮಾತಿಗೆ 4ಕೆ ಎನ್ನುವವರು ಬರೆಯುವಾಗ ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ. ಬಿಲ್ಲಿನ ಜಿಎಸ್‌ಟಿ ಸಂಖ್ಯೆ ಹದಿನೈದು ಅಕ್ಷರಗಳದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಟಿವಿಯ ಬೆನ್ನಿನ ಚೀಟಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ‘ಆರ್’ ಅಕ್ಷರದ ನೋಂದಣಿ ಸಂಖ್ಯೆ ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ತಯಾರಕರ ಮತ್ತು ಬ್ರ್ಯಾಂಡಿನ ಹೆಸರು ಬರುತ್ತದೆ. ನಮ್ಮ ಟಿವಿಯ ಸಂಖ್ಯೆ ಹಾಕಿದಾಗ ಬಂದದ್ದು ಬೇರೆಯೇ ಬ್ರ್ಯಾಂಡು.

ಬಿಲ್ಲಿಲ್ಲದೆ ಬರೀ ಚೀಟಿಯಲ್ಲಿ ಕೊಳ್ಳುವ ಆಸೆಗೆ ಈಗ ಮೊದಲಿನಷ್ಟು ಕಾರಣವೂ ಉಳಿದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಎಲ್ಲ ಅಳತೆಯ ಟಿವಿಗೂ ಜಿಎಸ್‌ಟಿ ಶೇ 18.

ಮೋಸ ಹೋಗಿಬಿಟ್ಟಿದ್ದರೆ ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಮೊದಲು ಅಲ್ಲಿ ದೂರು ದಾಖಲಿಸಿ. ನನ್ನ ದೂರಿಗೆ ಅಂಗಡಿಯವರು “ಬಿಲ್ ಇಲ್ಲ, ಮಾಲು ನಮ್ಮದಲ್ಲ” ಎಂದು ಉತ್ತರಿಸಿದರು. ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಮೊಬೈಲಿನಿಂದ ಹಣ ಕಳಿಸಿದ ದಾಖಲೆ, ಅಂಗಡಿಯ ಮುದ್ರೆಯಿರುವ ವಾರಂಟಿ ಕಾರ್ಡು, ಡಬ್ಬಿಯ ಫೋಟೊ, ಬೆನ್ನು ಬಿಚ್ಚಿದ ವಿಡಿಯೊ ಇವಿಷ್ಟನ್ನು ಇಟ್ಟುಕೊಂಡು ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಐದು ಲಕ್ಷದೊಳಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು.

ಮನೆಗೆ ಈಗ ಮೂವತ್ತೆರಡು ಇಂಚಿನ ಎಚ್‌ಡಿ ರೆಡಿ ಟಿವಿ ತಂದಿದ್ದೇವೆ, ಪಕ್ಕಾ ಬಿಲ್ಲಿನೊಂದಿಗೆ. ಹೊರಸನ್ನು ಒಂದೂವರೆ ಅಡಿ ಹಿಂದಕ್ಕೆ ಸರಿಸಿದೆವು. ಅಪ್ಪ ಸುದ್ದಿಯ ಸಾಲನ್ನು ಗಟ್ಟಿಯಾಗಿ ಓದುತ್ತಾರೆ, ಅವ್ವ ಒಲೆಯ ಹತ್ತಿರದಿಂದಲೇ ಕೇಳಿಸಿಕೊಳ್ಳುತ್ತಾಳೆ. ನಲವತ್ತು ಇಂಚಿನದು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಗುಜರಿಯವರು ಎರಡು ಸಲ ಕೇಳಿದರು. ಆಯೋಗದ ತೀರ್ಪು ಬರುವವರೆಗೆ ಅದು ಸಾಕ್ಷ್ಯ, ಕೊಡುವುದಿಲ್ಲ.