ಕೀ ಸಿಗ್ನೇಚರ್ ಗುರುತಿಸೋಕೆ: ಚಕ್ರವೋ, ಸೂತ್ರವೋ, ಕೀಬೋರ್ಡೋ?

ನಮ್ಮ ಸಾಗರದ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ‘ಭಾಗವತರ ಶ್ರುತಿ ಕಪ್ಪು ಎರಡು’ ಅಂದರೆ ಸಾಕು, ಅರ್ಥವಾಗುತ್ತದೆ. ಹಾರ್ಮೋನಿಯಂ ಲೆಕ್ಕ ಅದು. ಸಿ ಬಿಳಿ ಒಂದು, ಡಿ ಬಿಳಿ ಎರಡು, ಇ-ಫ್ಲಾಟ್ (ಇ ಸ್ವರಕ್ಕಿಂತ ಅರ್ಧ ಮೆಟ್ಟಿಲು ಕೆಳಗಿನದು) ಕಪ್ಪು ಎರಡು. ಆದರೆ ಪಾಶ್ಚಾತ್ಯ ನೊಟೇಶನ್ ಎದುರಿಗಿಟ್ಟು, ಸಾಲಿನ ಶುರುವಿನಲ್ಲಿರುವ ಕ್ಲೆಫ್ ಚಿಹ್ನೆಯ ಪಕ್ಕದ ನಾಲ್ಕು ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು) ನೋಡಿ ಇದು ಯಾವ ಕೀ, ಅಂದರೆ ಸ ಎಲ್ಲಿದೆ, ಅಂತ ಕೇಳಿದರೆ? ಆ ಗುರುತುಗಳ ಗುಂಪೇ ಕೀ ಸಿಗ್ನೇಚರ್. ಅದಕ್ಕೆ ಮೂರು ದಾರಿ ಹಿಡಿದು ನೋಡಿದೆ.

ಸರ್ಕಲ್ ಆಫ್ ಫಿಫ್ತ್ಸ್, ಅಂದರೆ ಕೀಗಳನ್ನು ಪಂಚಮದಿಂದ ಪಂಚಮಕ್ಕೆ ಚಕ್ರದಂತೆ ಜೋಡಿಸಿದ ಚಿತ್ರವನ್ನು ಗೋಡೆಗೆ ಅಂಟಿಸಿದ್ದೆ. ಸಿ ಇಂದ ಪಂಚಮಕ್ಕೆ ಹೋದರೆ ಜಿ, ಒಂದು ಶಾರ್ಪ್. ಅಲ್ಲಿಂದ ಡಿ, ಎರಡು. ನೋಡೋಕೆ ಚೆಂದ. ಗೋಡೆ ಬಿಟ್ಟು ಬಂದರೆ ಮರೆತುಹೋಗುತ್ತದೆ.

ಸೂತ್ರ ಬಲು ಬೇಗ. ಶಾರ್ಪ್‌ಗಳು ಬರುವ ಕ್ರಮ ಯಾವಾಗಲೂ ಎಫ್, ಸಿ, ಜಿ, ಡಿ, ಎ, ಇ, ಬಿ. ನಾಲ್ಕಿದ್ದರೆ ಕೊನೆಯದು ಡಿ-ಶಾರ್ಪ್. ಕೀಬೋರ್ಡಿನಲ್ಲಿ ಅದರ ಮುಂದಿನ ಕೀ ಇ, ಅದೇ ಉತ್ತರ. ಫ್ಲಾಟ್ ಇದ್ದರೆ ಕೊನೆಯಿಂದ ಎರಡನೆಯದನ್ನು ಓದಿಬಿಡಿ. ಒಂದೇ ಫ್ಲಾಟ್ ಇದ್ದರೆ ಎಫ್, ಅದೊಂದನ್ನು ಬಾಯಿಪಾಠ ಮಾಡಬೇಕು. ಪರೀಕ್ಷೆ ಹತ್ತಿರ ಬಂದಿದ್ದರೆ ಇದನ್ನೇ ಹಿಡಿಯಿರಿ. ಉತ್ತರ ಬರುತ್ತದೆ, ಬೆರಳಿಗೆ ಮಾತ್ರ ಏನೂ ಗೊತ್ತಾಗಿರುವುದಿಲ್ಲ.

ನನಗೆ ಒಗ್ಗಿದ್ದು ಕೀಬೋರ್ಡ್. ಮೇಜರ್ ಸ್ಕೇಲ್ ಅಂದರೆ ನಮ್ಮ ಶಂಕರಾಭರಣದ ಸ್ವರಗಳೇ, ಕರ್ನಾಟಕ ಸಂಗೀತದ 29ನೇ ಮೇಳಕರ್ತ ರಾಗ. ಯಾವ ಕೀಯಿಂದ ಬೇಕಾದರೂ ಸ ಹಿಡಿದು ನುಡಿಸಿ, ಎಷ್ಟು ಕಪ್ಪು ಬಂತು ಎಣಿಸಿ. ಬಿಳಿ ಎರಡರಿಂದ ಹೊರಟರೆ ಗಾಂಧಾರವೂ ನಿಷಾದವೂ ಕಪ್ಪಿಗೆ ಬೀಳುತ್ತವೆ: ಎಫ್-ಶಾರ್ಪ್, ಸಿ-ಶಾರ್ಪ್. ಅಲ್ಲಿಗೆ ಡಿ ಮೇಜರ್‌ಗೆ ಎರಡು ಶಾರ್ಪ್. ಎರಡೇ ಕಪ್ಪು ಬರುವ ಇನ್ನೊಂದು ಕೀ ಬಿ-ಫ್ಲಾಟ್, ಅದಕ್ಕೆ ಎರಡು ಫ್ಲಾಟ್. ಹೀಗೆ ಐದರವರೆಗೂ ಜೋಡಿ ಜೋಡಿ: ಜಿ–ಎಫ್, ಡಿ–ಬಿ-ಫ್ಲಾಟ್, ಎ–ಇ-ಫ್ಲಾಟ್, ಇ–ಎ-ಫ್ಲಾಟ್, ಬಿ–ಡಿ-ಫ್ಲಾಟ್. ಶಾರ್ಪಿನವು ಬಿಳಿಯಿಂದ ಶುರು, ಫ್ಲಾಟಿನವು ಕಪ್ಪಿನಿಂದ. ಎಫ್ ಒಂದು ಮಾತ್ರ ಹಟಮಾರಿ. ಇದನ್ನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ, ಸುಮ್ನೆ ಎಣಿಸುತ್ತಾ ಕೂತಾಗ ಕಂಡಿದ್ದು. ಮಳೆಗಾಲದಲ್ಲಿ ಕರೆಂಟ್ ಹೋದರೂ ಹಾರ್ಮೋನಿಯಂ ಮೇಲೆ ಇದೇ ಲೆಕ್ಕ ನಡೆಯುತ್ತದೆ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ (ಬೆರಳು ಬದಲಿಸದೆ ಶ್ರುತಿ ಬದಲಿಸುವುದು) ಮಾತ್ರ ಮುಟ್ಟಬೇಡಿ, ಒತ್ತಿದರೆ ಕಲಿಯೋಕೆ ಏನೂ ಉಳಿಯಲ್ಲ.

ಆರು ಬಂದಾಗ ಈ ಎಣಿಕೆ ಕೈಕೊಡುತ್ತದೆ. ಇರುವ ಕಪ್ಪೇ ಐದು ಅಲ್ವಾ? ಎಫ್-ಶಾರ್ಪ್ ಮೇಜರ್‌ನ ಆರನೇ ಶಾರ್ಪ್ ಇ-ಶಾರ್ಪ್, ಅದು ಬೀಳುವುದು ಬಿಳಿ ನಾಲ್ಕರ ಮೇಲೆ. ಅದೇ ಕೀಗಳನ್ನು ಜಿ-ಫ್ಲಾಟ್ ಅಂತ ಆರು ಫ್ಲಾಟಿನಲ್ಲೂ ಬರೆಯುತ್ತಾರೆ. ಅಲ್ಲಿ ಸೂತ್ರವೇ ಗತಿ.

ಮೇಜರ್ ಜೊತೆ ಇದೇ ಗುರುತುಗಳನ್ನು ಹಂಚಿಕೊಳ್ಳುವ ಇನ್ನೊಂದು ಬಗೆಯ ಸ್ಕೇಲ್ ಮೈನರ್. ಅದರ ವಿಷಯದಲ್ಲಿ ಮೂರು ದಾರಿಗಳೂ ಅರ್ಧ ಉತ್ತರವನ್ನಷ್ಟೇ ಕೊಡುತ್ತವೆ. ಒಂದು ಶಾರ್ಪ್ ಇದ್ದರೆ ಜಿ ಮೇಜರ್ ಇರಬಹುದು, ಅಲ್ಲಿಂದ (ಕಪ್ಪು-ಬಿಳಿ ಎರಡೂ ಎಣಿಸಿ) ಮೂರು ಕೀ ಕೆಳಗಿನ ಇ ಮೈನರ್ ಕೂಡ ಇರಬಹುದು. ಆಗ ಎಡಗೈಯ ಕೊನೇ ಸ್ವರ ನೋಡಿ. ಅದು ಇ ಆಗಿದ್ದು, ಮಧ್ಯೆ ಮಧ್ಯೆ ಡಿ-ಶಾರ್ಪ್ ಇಣುಕುತ್ತಿದ್ದರೆ, ಬಹುತೇಕ ಇ ಮೈನರ್ ಅಂತಲೇ ಲೆಕ್ಕ.