ಹಿರಿಯರ ಊಟ: ಗಾಂಧಿ ಬಜಾರೋ, ಹನುಮಂತನಗರವೋ?

ಹಿರಿಯರ ಮಧ್ಯಾಹ್ನದ ಊಟವನ್ನು ಗಾಂಧಿ ಬಜಾರಿನ ಹಳೆಯ ಸಭಾಂಗಣದಿಂದ ಹನುಮಂತನಗರದ ಹೊಸ ಕಟ್ಟಡಕ್ಕೆ ಸ್ಥಳಾಂತರಿಸುವ ಚರ್ಚೆಯಲ್ಲಿ ನೀವಿನ್ನೂ ಯಾವ ಕಡೆಗೂ ವಾಲಿಲ್ಲವಾದರೆ, ಎರಡೂ ಕಡೆ ಒಮ್ಮೆ ನಡೆದು ನೋಡಿ.

ಹಳೆಯ ಅಡುಗೆಮನೆ ತೀರಾ ಇಕ್ಕಟ್ಟು. ಸಾರಿನ ಕೊಳದಪ್ಪಲೆ ಇಳಿಸುವಾಗ ಉಳಿದವರು ಹೊರಗೆ ನಿಲ್ಲಬೇಕು. ಹೊಸದು ವಿಶಾಲ, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿಗಳೂ ಇವೆ. ಇದು ಸಣ್ಣ ಅನುಕೂಲವಲ್ಲ.

ಆದರೆ ದಾರಿ? ಗಾಂಧಿ ಬಜಾರಿನಲ್ಲಿ ಊಟದ ಜೊತೆಗೇ ಹೂವು, ಹಣ್ಣು, ಮಾತ್ರೆ ಎಲ್ಲವೂ ಆಗುತ್ತವೆ. ಹನುಮಂತನಗರದ್ದು ಏರುದಾರಿ. 2023ರಿಂದ ಮಹಿಳೆಯರಿಗೆ ಬಸ್ ಉಚಿತ, ನಿಜ. ನಿಲ್ದಾಣದಿಂದ ಮೇಲೆ ಹತ್ತಬೇಕಾದದ್ದು ಮಾತ್ರ ನೋಯುವ ಮಂಡಿಗಳೇ. ಮೊನ್ನೆ ಎಂಬತ್ತು ದಾಟಿದ ಅಜ್ಜಿಯೊಬ್ಬರ ಜೊತೆ ಹತ್ತಿದೆ. ಮೂರು ಕಡೆ ಕಾಂಪೌಂಡ್ ಗೋಡೆ ಹಿಡಿದು ನಿಂತರು. ಕೊನೆಗೆ ಸೆರಗಿನಿಂದ ಬೆವರು ಒರೆಸಿಕೊಂಡು, “ಊಟ ಬೇಡಪ್ಪ, ಮನೆಗೆ ಹೋಗೋಣ” ಎಂದರು.

ಹಳೆಯ ಸಭಾಂಗಣದ ಬಾಗಿಲಿನ ಮೆಟ್ಟಿಲುಗಳ ಒಟ್ಟು ಎತ್ತರ ಒಂದಡಿ. ಗಾಲಿಕುರ್ಚಿಯ ಇಳಿಜಾರಿಗೆ 1:12 ಅಳತೆಯಂತೆ 12 ಅಡಿ ಉದ್ದ ಬೇಕು. ಅಂಗಳದಲ್ಲಿ ಅಷ್ಟು ಜಾಗವಿದೆ.

ನನ್ನ ಮತ ಗಾಂಧಿ ಬಜಾರಿಗೆ. ನಿತ್ಯ ವಾಹನ ಬಿಡುತ್ತೇವೆಂದು ಬರೆದುಕೊಟ್ಟರೆ ಮಾತ್ರ ಹೊಸ ಕಟ್ಟಡಕ್ಕೆ ಒಪ್ಪಿಕೊಳ್ಳಿ.